ಸಾವಿರ ವರ್ಷದಾಚೆಯ ಅಜ್ಜಿಯ ಹಲ್ಲು

ಹಲ್ಲಕ್ಕನಿಗೆ ಆ ಹೆಸರಿಟ್ಟವರು ಯಾರೋ ತಿಳಿಯದು. ಅವಳ ಕೈಯಲ್ಲೇ ಹಲ್ಲು ಕಟ್ಟಿಸಿಕೊಂಡವರಿರಬೇಕು. ಇಲ್ಲದಿದ್ದರೆ ಹೆಸರು ಇಷ್ಟು ಸ್ಪಷ್ಟವಾಗಿ ಊರೆಲ್ಲ ಹರಡುತ್ತಿರಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ಅವಳು ಹಲ್ಲಿನ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜಿಗೆ ಕೂತು ಮೇಣದಲ್ಲಿ ಹಲ್ಲಿನ ಸೆಟ್ಟು ತಿದ್ದುತ್ತಿದ್ದಳು. ಟ್ಯೂಬ್‌ಲೈಟಿನಡಿ ಹಲ್ಲಿನ ಬಣ್ಣ ನಂಬುವಂತಿಲ್ಲ, ಹಗಲ ಬೆಳಕೇ ಬೇಕು. ಕೆಲಸ ಹಿಡಿಯುವ ಮುನ್ನ ಬಂದವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಯಾವ ಕಡೆ ಅಗೀತೀರಿ?" ಉತ್ತರ ಬಂದ ಮೇಲೆ ಆ ಕಡೆಯ ಹಲ್ಲನ್ನು ಕೂದಲೆಳೆಯಷ್ಟು ಸವೆಸುವಳು. ದರ್ಜಿಯಾದರೆ ಸೂಜಿ ಕಚ್ಚುವ ಜಾಗದಲ್ಲಿ ಒಂದು ಗುರುತು. ಹಾಕಿಕೊಂಡವರು ಮನೆಗೆ ಹೋದರೆ, ಹೊಸ ಹಲ್ಲು ಎಂದು ಮನೆಯವರಿಗೂ ಹೊಳೆಯುತ್ತಿರಲಿಲ್ಲ.

ಹೀಗಿರುವಾಗ ಲ್ಯಾಬಿನ ಯಜಮಾನರು ಬಾಯಿಯನ್ನು ಸ್ಕ್ಯಾನ್ ಮಾಡಿ ಹಲ್ಲನ್ನು ಅಚ್ಚು ಹಾಕುವ ಯಂತ್ರ ತಂದರು. "ಭವಿಷ್ಯ ಬಂದಿದೆ" ಎಂದು ಅವರು ಹೇಳಿದ ರೀತಿ ನೋಡಿದರೆ, ಖುದ್ದು ನಿಲ್ದಾಣಕ್ಕೆ ಹೋಗಿ ಕರೆತಂದಂತಿತ್ತು.

"ಹಲ್ಲಕ್ಕ, ಮುಂದಿನ ತಿಂಗಳಿಂದ ಕಿಟಕಿ ಪಕ್ಕ ಯಂತ್ರ ಇರುತ್ತೆ. ನೀವು ಪ್ಯಾಕಿಂಗ್ ನೋಡ್ಕೊಳ್ಳಿ. ಆರಾಮಾಗಿರಿ."

"ಆರಾಮಾಗಿರೋಕೆ ನನಗೇನು ಕಾಯಿಲೆಯಾ ಸರ್?"

ಯಜಮಾನರು ಕೇಳಿಸದವರಂತೆ ಯಂತ್ರದ ಮೇಲಿನ ಧೂಳು ಒರೆಸಿದರು. ಧೂಳು ಇರಲಿಲ್ಲ.

ಅದೇ ವಾರ ತಂಗಿಯ ಮಗಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಅವಳು ಡಿಜಿಟಲ್ ಚಿತ್ರ ಕಲಾವಿದೆ. ಹಳೆಯ ಗೋದಾಮೊಂದರಲ್ಲಿ ಭವಿಷ್ಯದ ಕುರಿತ ಪ್ರದರ್ಶನ ನಡೆಯಲಿತ್ತು. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಸಾವಿರ ವರ್ಷದಾಚೆಯ ಅಜ್ಜಿಯೊಬ್ಬಳು, ಆಕಾಶದಲ್ಲಿ ತೇಲುವ ತನ್ನ ಊರಿನ ಕಥೆ ಹೇಳುತ್ತ, ಬಂದವರೊಡನೆ ಮಾತಾಡಬೇಕು. ಆದರೆ ಪರೀಕ್ಷೆಗೆಂದು ತೋರಿಸಿದಾಗ ಅಜ್ಜಿ ಬಾಯಿ ತೆರೆದ ಕೂಡಲೇ ಜನ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

"ಮೂರು ಸಲ ಕಣ್ಣು ಬದಲಾಯಿಸಿದೆ ದೊಡ್ಡಮ್ಮ. ಸುಕ್ಕೂ ಹೆಚ್ಚು ಮಾಡಿದೆ. ಆದ್ರೂ ಹೆಣ ಮಾತಾಡಿದ ಹಾಗಿದೆ."

ಹಲ್ಲಕ್ಕ ಕನ್ನಡಕ ಏರಿಸಿ ನೋಡಿದಳು. "ಇವಳು ಹುಟ್ಟಿದಾಗಿಂದ ಏನೂ ಅಗಿದಿಲ್ಲ."

"ಆ ಕಾಲದಲ್ಲಿ ಎಲ್ಲರೂ ಗುಳಿಗೆ ನುಂಗೋದು."

"ಹಾಗಾದ್ರೆ ಹಲ್ಲು ಯಾಕಿಟ್ಟೆ, ಶೋಕಿಗಾ? ಇವಳ ಕೆಲಸ ಏನು?"

ಕಲಾವಿದೆ ಅಜ್ಜಿಗೆ ಊರು, ಉಡುಪು, ಎರಡು ಸೂರ್ಯ ಎಲ್ಲ ಕೊಟ್ಟಿದ್ದಳು. ಕೆಲಸ ಕೊಡಲು ಮರೆತಿದ್ದಳು.

"ಆಕಾಶದಲ್ಲಿ ಊರು ಕಟ್ಟಿದ್ರೂ ವೈರು ಇರುತ್ತೆ ತಾನೇ? ವೈರು ಇದ್ರೆ ಅದನ್ನ ಹಲ್ಲಲ್ಲಿ ಸುಲಿಯೋರು ಇದ್ದೇ ಇರ್ತಾರೆ. ಇವಳು ವೈರಿಂಗ್ ಅಜ್ಜಿ. ಎಡಗಡೆ ಸುಲೀತಾಳೆ."

ಮೇಣದ ಸೆಟ್ಟು ಎರಡು ದಿನದಲ್ಲಿ ಸಿದ್ಧವಾಯಿತು: ಎಡ ಹಲ್ಲಿನಲ್ಲೊಂದು ಸಣ್ಣ ಕಚ್ಚು, ಕೆಳಗಿನ ಸಾಲಿನಲ್ಲಿ ಪಕ್ಕದವನ ಮೇಲೆ ಒರಗಿದ ಒಂದು ಹಲ್ಲು. ಪರದೆಯ ಅಜ್ಜಿಗೆ ತೊಡಿಸಲು ಅದನ್ನು ಸ್ಕ್ಯಾನ್ ಮಾಡಿಕೊಡಲು ಯಜಮಾನರು ಒಪ್ಪಿದರು. ಪ್ರದರ್ಶನದ ಬಾಗಿಲ ಫಲಕದಲ್ಲಿ ಲ್ಯಾಬಿನ ಹೆಸರು ಎಲ್ಲರಿಗಿಂತ ದೊಡ್ಡದಾಗಿ ಬರಬೇಕೆಂಬುದಷ್ಟೇ ಅವರ ವಿನಮ್ರ ಷರತ್ತು. ಯಂತ್ರ ಮಾತ್ರ ಎರಡು ಸಲ ಸ್ಕ್ಯಾನ್ ಮಾಡಿದರೂ ಕಚ್ಚನ್ನು ತುಂಬಿ, ಒರಗಿದ ಹಲ್ಲನ್ನು ನೆಟ್ಟಗೆ ನಿಲ್ಲಿಸಿ, 'ದೋಷ ಸರಿಪಡಿಸಲಾಗಿದೆ' ಎಂದು ಬರೆದು ತೋರಿಸಿತು. ತಂಗಿಯ ಮಗಳು ತಡಕಾಡಿ ಆ ಸರಿಪಡಿಸುವ ಚಾಳಿಯನ್ನು ಆಫ್ ಮಾಡಿದಳು. ಹಾಗೊಂದು ಗುಂಡಿ ಇರುವುದು ಯಜಮಾನರಿಗೆ ಆಗಲೇ ಗೊತ್ತಾದದ್ದು.

ಪ್ರದರ್ಶನದ ಮೊದಲ ಸಂಜೆ ಅಜ್ಜಿ ಬಾಯಿ ತೆರೆದಳು. ಯಾರೂ ಹಿಂದೆ ಸರಿಯಲಿಲ್ಲ. ಮಕ್ಕಳು ಪರದೆಗೆ ಮೂಗು ಹಚ್ಚಿದರು. ಯಜಮಾನರು ಅತ್ತಿತ್ತ ಓಡಾಡುತ್ತ "ನಮ್ಮ ಲ್ಯಾಬಿನ ತಂತ್ರಜ್ಞಾನ" ಎನ್ನುತ್ತಿದ್ದರೆ, ಅವರ ತಾಯಿ ಕುರ್ಚಿಯೊಂದನ್ನು ಎಳೆದುಕೊಂಡು ಪರದೆಯ ಮುಂದೆ ಅರ್ಧ ಗಂಟೆ ಕೂತು ಅಜ್ಜಿಯೊಡನೆ ಸೊಂಟನೋವಿನ ವಿಚಾರ ಮಾತಾಡಿದರು. ಆಮೇಲೆ ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಮಗನ ಅಂಗೈಗೆ ಹಾಕಿದರು. ಅದರೊಳಗಿದ್ದದ್ದು ಮಗ ತಾಯಿಗೆಂದು ಯಂತ್ರದಲ್ಲಿ ಮಾಡಿಸಿದ್ದ ಮೊಟ್ಟಮೊದಲ ಸೆಟ್ಟು.

"ಇದನ್ನ ನೀನೇ ಇಟ್ಕೋ. ಹಾಕ್ಕೊಂಡ್ರೆ ಕನ್ನಡಿಯಲ್ಲಿ ಬೇರೆ ಯಾವಳೋ ನಿಂತಿರ್ತಾಳೆ. ಈ ಅಜ್ಜಿಗೆ ಹಲ್ಲು ಮಾಡಿದೋರು ಯಾರು? ನನಗೂ ಅವರ ಹತ್ರಾನೇ ಮಾಡಿಸು."

ಸುತ್ತ ನಿಂತವರೆಲ್ಲ ಉತ್ತರಕ್ಕಾಗಿ ಯಜಮಾನರತ್ತ ತಿರುಗಿದರು. ಅವರು ಅಂಗೈಯಲ್ಲಿದ್ದ ಹಲ್ಲು ನೋಡಿದರು, ಪರದೆ ನೋಡಿದರು. ಕೊನೆಗೆ ಬೆರಳು ಹಲ್ಲಕ್ಕನ ಕಡೆ ಹೋಯಿತು. ಚಪ್ಪಾಳೆ ಗೋದಾಮಿನ ತಗಡಿಗೆ ಬಡಿದು ಎರಡರಷ್ಟಾಗಿ ಕೇಳಿಸಿತು. ಹಲ್ಲಕ್ಕ ನಾಚಿ ಬಾಯಿ ಮುಚ್ಚಿಕೊಂಡಳು. ಅವಳ ಸ್ವಂತ ಹಲ್ಲು ಅಷ್ಟಕ್ಕಷ್ಟೇ.

ಸೋಮವಾರ ಬೆಳಗ್ಗೆ ಯಂತ್ರ ಒಳಕೋಣೆಯ ಪ್ಯಾಕಿಂಗ್ ಮೇಜಿನ ಪಕ್ಕಕ್ಕೆ ಹೋಯಿತು. "ಅದಕ್ಕೆ ಬೆಳಕು ಬೇಕಿಲ್ಲ ನೋಡಿ" ಎಂದು ಯಜಮಾನರು ಹೊಸ ಸಂಶೋಧನೆಯಂತೆ ಸಾರಿದರು. ಇನ್ನು ಮುಂದೆ ಯಂತ್ರ ಮಾಡುವ ಪ್ರತಿ ಸೆಟ್ಟೂ ಕಿಟಕಿಯ ಮೇಜು ಹಾದು, ಹಲ್ಲಕ್ಕ ಹೂಂ ಅಂದ ಮೇಲೆಯೇ ಹೊರಗೆ ಹೋಗಬೇಕು.

ಆ ಮೇಜಿಗೆ ಮೊದಲು ಬಂದು ಕೂತವರು ಯಜಮಾನರ ತಾಯಿ.

"ಯಾವ ಕಡೆ ಅಗೀತೀರಿ ಅಮ್ಮ?"

"ಊಟ ಎಡಗಡೆ. ಮಗನ ತಲೆ ತಿನ್ನೋದು ಎರಡೂ ಕಡೆ."

ಯಜಮಾನರು ಪ್ಯಾಕಿಂಗ್ ಮೇಜಿನ ಕೆಳಗೆ ಏನನ್ನೋ ಹುಡುಕುವವರಂತೆ ಬಗ್ಗಿದರು. ಹಲ್ಲಕ್ಕ ಎರಡೂ ಕಡೆ ಗುರುತು ಹಾಕಿಕೊಂಡಳು.