ಬಾವಿಗಲ್ಲಿನ ಮೇಲೆ ಅವ್ವನ ಸುಣ್ಣ

ನಾನು ನಿಂತಿದ್ದದ್ದು ರಾಯದುರ್ಗದ ನಮ್ಮ ಚರ್ಚಿನ ಬಾವಿಯ ಮೂಡಣ ಕಟ್ಟೆಯ ಪಕ್ಕದಲ್ಲಿ, ರಾಟೆಯ ಕಲ್ಲುಕಂಬದಿಂದ ಒಂದು ಮೊಳ ದೂರ. ಅವ್ವನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ. ಬಿಸಿಲು ಬೆಟ್ಟದ ನೆತ್ತಿಯ ಮೇಲಷ್ಟೇ ಇತ್ತು, ಓಣಿಗೆ ಇನ್ನೂ ಇಳಿದಿರಲಿಲ್ಲ. ಆಗ ಮದರಾಸು ಸರ್ಕಾರದ ಕಾಲ. ಊರಿನಲ್ಲಿ ಕಾಲರಾ ಇತ್ತು. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ಶಾಲೆಯ ಮೇಷ್ಟ್ರು. ಸತ್ತವರನ್ನು ಕಂಡೆವೆಂದು ಹೇಳುವವರನ್ನು, ಯಾವ ಹೊತ್ತು, ಎಷ್ಟು ದೂರ, ಬೆಳಕೆಷ್ಟಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು.

ಅವ್ವನ ಹೆಸರು ರೂತಮ್ಮ. ಮಡಕಶಿರದ ಕಡೆಯಿಂದ ಸೊಸೆಯಾಗಿ ಬಂದವಳು. ಕೊನೆಯವರೆಗೂ ಆ ಕಡೆಯ ಮಾತೇ ಆಡಿದಳು, ಓಣಿಯವರು ಅದನ್ನು ಅಣಕಿಸಿ ನಗುತ್ತಿದ್ದರು. ಅಡುಗೆಗೆ ಕೂರುವ ಮೊದಲು ಒಂದು ಹಿಡಿ ಧಾನ್ಯ ತೆಗೆದು ಮಡಕೆಯಲ್ಲಿಡುವುದು ನಮ್ಮ ಸಭೆಯ ಹೆಂಗಸರ ಪದ್ಧತಿ. ಭಾನುವಾರ ಅದನ್ನು ಚರ್ಚಿಗೆ ಒಯ್ದು, ಇಲ್ಲದವರಿಗೆ ಹಂಚುತ್ತಾರೆ. ಅವ್ವನ ಮಡಕೆ ಒಂದು ಭಾನುವಾರವೂ ಬರಿದಾಗಿ ಹೋದದ್ದನ್ನು ನಾನು ಕಂಡಿಲ್ಲ, ನಾವೇ ಅರೆಹೊಟ್ಟೆ ಉಂಡ ವಾರಗಳಲ್ಲಿ ಸಹ.

ಕಾಲರಾ ಬಂದಾಗ ಅವಳು ಒಂದು ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು, ಚರ್ಚಿನ ಪಕ್ಕದ ನೇಕಾರರ ಓಣಿಯಲ್ಲಿ ದಿನಾ ಬೆಳಿಗ್ಗೆ ಮನೆಮನೆಗೆ ಹೋಗತೊಡಗಿದಳು. ನೀರು ಕಾಯಿಸಿದ ಮನೆಯ ಬಾಗಿಲ ಪಕ್ಕ ಒಂದು ಗೆರೆ. ಕೆಟ್ಟ ನೀರಿನ ಬಾವಿಗೆ ಕತ್ತರಿ ಗುರುತು, ಅಂದರೆ ಸೇದಬೇಡಿ ಎಂದು. ಎದುರುಮನೆಯ ನಿಂಗವ್ವ ಒಮ್ಮೆ ಕೆಣಕಿದಳು: "ಯಾಕ್ರಿ ರೂತವ್ವ, ಸುಣ್ಣ ಹಚ್ಚಾಕ ನಿಮಗ ನಮ್ಮ ಗ್ವಾಡಿನ ಬೇಕಾತೇನ್ರಿ?"

ಅವ್ವ ಚಿಪ್ಪು ಕೆಳಗಿಟ್ಟಳು. "ನೀರು ಕಾಯ್ಸು, ಗೆರೆ ಎಳ್ದು ಹೋಗ್ತೀನಿ. ಕಾಯಿಸ್ದಿದ್ರೆ ಇಲ್ಲೇ ಕೂತ್ಕಂಡು ಕೀರ್ತನೆ ಹಾಡ್ತೀನಿ, ನೋಡು."

ಅವ್ವನ ಕಂಠ ಓಣಿಗೆಲ್ಲ ಗೊತ್ತಿತ್ತು. ನಿಂಗವ್ವ ಒಲೆ ಹಚ್ಚಿದಳು.

ಚಿಕ್ಕಂದಿನಲ್ಲಿ ಕುಡುಗೋಲು ತಗುಲಿ ಅವ್ವನ ಬಲಗೈ ತೋರುಬೆರಳಿನ ತುದಿ ಹೋಗಿತ್ತು. ಹಾಗಾಗಿ ನಡುಬೆರಳು, ಉಂಗುರಬೆರಳು ಕೂಡಿಸಿ ಗೆರೆ ಎಳೆಯುತ್ತಿದ್ದಳು. ಗೆರೆ ಮೇಲೆ ಒಂದಾಗಿದ್ದು, ಕೆಳಗೆ ಬಂದಂತೆ ಎರಡಾಗಿ ಒಡೆಯುತ್ತಿತ್ತು. ಇದನ್ನು ನೆನಪಿಡಿ.

ಓಣಿಯ ದೊಡ್ಡ ಬಾವಿಗೆ ಅವಳು ಮೊದಲ ವಾರವೇ ಕತ್ತರಿ ಹಾಕಿದಳು. ಚರ್ಚಿನ ಬಾವಿಗೆ ಬರಲು ನೇಕಾರರು ಹಿಂಜರಿದಾಗ, ನಿಮ್ಮ ಹಗ್ಗ, ನಿಮ್ಮ ಕೊಡ ನೀವೇ ತನ್ನಿ ಎಂದು ಮನವೊಲಿಸಿ ಕರೆತಂದವಳೂ ಅವಳೇ. ಆದರೆ ಅಲ್ಲಿ ಒಂದು ತಪ್ಪಾಯಿತು. ಪ್ರಾರ್ಥನೆ ಮಾಡಿ ತೋಡಿದ ಬಾವಿ ಅದು, ಅದರ ನೀರನ್ನು ಕಾಯಿಸಬೇಕಾಗಿಲ್ಲವೆಂದು ನಾವು ಸಭೆಯವರೆಲ್ಲ ನಂಬಿದ್ದೆವು. ಅವ್ವನೂ ನಂಬಿದ್ದಳು. ಆ ನೀರನ್ನು ಹಸಿಯಾಗಿಯೇ ಕುಡಿಯುತ್ತಿದ್ದಳು. ಓಣಿಯವರೂ ಹಾಗೆಯೇ ಕುಡಿದರು, ಸಾವು ನಿಲ್ಲಲಿಲ್ಲ.

ಕೊನೆಗೆ ಅವ್ವನೂ ಒಂದೇ ದಿನದಲ್ಲಿ ಹೋದಳು. ಅವಳ ಪೆಟ್ಟಿಗೆಗೆ ನೇಕಾರರೂ ಹೆಗಲು ಕೊಟ್ಟರು; ನಮ್ಮೂರಲ್ಲಿ ಅಂಥದು ಅದಕ್ಕೆ ಮೊದಲು ಆಗಿರಲಿಲ್ಲ. ಸುಣ್ಣದ ಚಿಪ್ಪನ್ನು ನಾನೇ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದೆ. ಸುಣ್ಣ ಆಗಲೇ ಒಣಗಿ ಬಿರಿದಿತ್ತು.

ಮಾರನೆಯ ಬೆಳಿಗ್ಗೆ ಬಾವಿಗೆ ಮೂವರು ಹೋದೆವು: ನಾನು, ಬಾಣಂತನಕ್ಕೆ ಬಂದಿದ್ದ ತಂಗಿ ಮಾರ್ತ, ನಿಂಗವ್ವ. ಮಾರ್ತಳ ಕೂಸಿಗೆ ಇಪ್ಪತ್ತು ದಿನ. ನೀರು ತರುತ್ತಿದ್ದ ಅವ್ವ ಇಲ್ಲದ್ದರಿಂದ ಹಸಿಮೈಯಲ್ಲೇ ಅವಳು ಕೊಡ ಎತ್ತಿಕೊಂಡಿದ್ದಳು. ಹಗ್ಗ ಇಳಿಬಿಡಲು ಕೈ ಎತ್ತಿದವಳು ಹಾಗೆಯೇ ನಿಂತಳು.

ಕಲ್ಲುಕಂಬದ ಮೇಲೆ, ನಮ್ಮ ಎದೆಯ ಎತ್ತರಕ್ಕೆ, ಕತ್ತರಿ ಗುರುತು. ಎರಡು ಗೆರೆಗಳೂ ಕೆಳಗೆ ಎರಡಾಗಿ ಒಡೆದಿದ್ದವು. ನಾನು ಮುಟ್ಟಿ ನೋಡಿದೆ. ಸುಣ್ಣ ಹಸಿಯಾಗಿತ್ತು, ಬೆರಳಿಗೆ ಹತ್ತಿತು.

"ಅವ್ವನ ಕೈ ಇದು," ಎಂದಳು ಮಾರ್ತ.

ಯಾರೋ ಬರೆದಿರಬೇಕು ಎಂದೆ ನಾನು. ಈ ಬಾವಿ ಮುಚ್ಚಿದರೆ ಬೆಟ್ಟದ ಬಂಡೆಗಳ ನಡುವಿನ ದೊಣೆಯಿಂದ ನೀರು ಹೊರಬೇಕು. ಅದಕ್ಕಿಂತ ಕಷ್ಟವೆಂದರೆ, ಅವ್ವ ತೋರಿಸಿದ ನೀರೇ ಓಣಿಯನ್ನು ಕೊಂದಿತೆಂದು ಒಪ್ಪಬೇಕು. ನಿಂಗವ್ವ ತನ್ನ ಹಗ್ಗ ಸುತ್ತಿಕೊಂಡಳು. "ರೂತವ್ವ ಬ್ಯಾಡ ಅಂದ್ಲಂದ್ರ ಬ್ಯಾಡ್ರಿ, ಮೇಷ್ಟ್ರ. ನಡೀರಿ ಬೆಟ್ಟಕ್ಕ."

ಬಾವಿಯನ್ನು ಜಾಲಿಮುಳ್ಳು ಹಾಕಿ ಮುಚ್ಚಿದೆವು. ಮನೆಗೆ ಬಂದು ಚಿಪ್ಪು ನೋಡಿದೆ. ಗೂಟದಲ್ಲೇ ಇತ್ತು, ಸುಣ್ಣ ಕಲ್ಲಾಗಿತ್ತು.

ಆ ವಾರ ಓಣಿಯಲ್ಲಿ ಇಬ್ಬರು ಮಲಗಿದರು, ಇಬ್ಬರೂ ಎದ್ದರು. ಆಮೇಲೆ ಯಾರೂ ಮಲಗಲಿಲ್ಲ. ಬೇಸಿಗೆಯಲ್ಲಿ ಬಾವಿಗೆ ಇಳಿದವರಿಗೆ ಒಳಗೋಡೆಯಲ್ಲಿ ಬಿರುಕು ಸಿಕ್ಕಿತು. ಬಾವಿಯ ಹಿಂದಿನ ಚರಂಡಿಯ ನೀರು ಅದರಲ್ಲಿ ಒಸರುತ್ತಿತ್ತು. ಕೃತಜ್ಞತೆಯ ಆರಾಧನೆಯ ದಿನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೇಕಾರರು ಅಂಗಳದಲ್ಲಿ ನಿಂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಹಿಡಿ ಧಾನ್ಯ. ಅವ್ವನ ಕೀರ್ತನೆಯನ್ನು ಅವಳಷ್ಟೇ ಅಪಸ್ವರದಲ್ಲಿ ಅವರೂ ಹಾಡಿದರು. ಅಷ್ಟು ದೊಡ್ಡ ದನಿ ಆ ಗೋಡೆಗಳು ಹಿಂದೆಂದೂ ಕೇಳಿರಲಾರವು.

ಯಾರು ಬರೆದರೆಂದು ಓಣಿಯ ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಅವ್ವನಿಗೇ ಗೊತ್ತಿರದ ಬಿರುಕು ಬೇರೆ ಯಾರಿಗೆ ಗೊತ್ತಿತ್ತು? ಕಂಡದ್ದನ್ನಷ್ಟೇ ಹೇಳಿದ್ದೇನೆ.

ನನ್ನ ಜೊತೆ ಕಂಡ ಇಬ್ಬರೂ ಬದುಕಿದ್ದಾರೆ. ನಿಂಗವ್ವ ಅದೇ ಓಣಿಯ ಅದೇ ಮನೆಯಲ್ಲಿದ್ದಾಳೆ. ಈಗಲೂ ನೀರು ಕಾಯಿಸಿ, ಬಾಗಿಲ ಪಕ್ಕ ತಾನೇ ಗೆರೆ ಎಳೆಯುತ್ತಾಳೆ. ಮಾರ್ತ ಮಡಕಶಿರದಲ್ಲಿದ್ದಾಳೆ. ಅವಳ ಕೂಸು ಅಂದು ಏನೂ ಕಂಡಿರಲಿಲ್ಲ. ಅದೂ ಬದುಕಿದೆ.