ಗೋಪುರವಲ್ಲ, ಟೀಚರು ಹೇಳಿದ್ದರು

ಮಾರ್ಗನ್ ಹಿಲ್ಲಿನ ಮೇವಿನ ಅಂಗಡಿಯಿಂದ ಒಣಹುಲ್ಲು ತಂದು ಕಾರಿನ ಟ್ರಂಕು ತೆರೆದರೆ ಸಾಕು, ಆ ವಾಸನೆಯ ಜೊತೆಗೆ ಪಕ್ಕದ ಮನೆಯ ಟೀಚರು ನೆನಪಾಗುತ್ತಾರೆ. ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ, ನಮ್ಮ ಫ್ರೀಮಾಂಟಿಗೆ ಬಂದಿದ್ದರು. ಕಾಟನ್ ಸೀರೆ, ಅದರ ಮೇಲೆ ಅಳಿಯನ ಆಫೀಸಿನ ಜಾಕೆಟ್ಟು... ನಮ್ಮ ಬೀದಿಯವರಿಗೆ ಅವರು ಬರೀ 'ಬಾಣಂತನದ ಅಜ್ಜಿ'. ಅವರಿಗೆ ಏನು ಗೊತ್ತಿದೆಯೆಂದು ಒಬ್ಬರೂ ಕೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಗೃಹಪ್ರವೇಶಕ್ಕೆ ನನ್ನ ಗಂಡ ಒಂದು ಆಮೆಮರಿ ತಂದಿದ್ದ. ಎಲ್ಲರ ಮನೆಯಲ್ಲೂ ಉತ್ತರದ ಮೂಲೆಯಲ್ಲಿ ಹಿತ್ತಾಳೆಯ ಆಮೆ ನೀರಿನ ತಟ್ಟೆಯಲ್ಲಿ ಕೂತಿರುತ್ತದಲ್ಲ, ನಮ್ಮದು ಜೀವಂತವೇ ಇರಲಿ ಎಂಬ ಹುಮ್ಮಸ್ಸು! ಆಫ್ರಿಕಾದ್ದು ಎಂದಷ್ಟೇ ಮಾರಿದವನು ಹೇಳಿದ್ದು. ಏನು ತಿನ್ನುತ್ತದೆ, ಎಷ್ಟು ಬೆಳೆಯುತ್ತದೆ ಎಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಪೂಜೆಯ ಹೊತ್ತಿಗೆ ಅದನ್ನು ನೀರು ತುಂಬಿದ ಅಗಲಬಾಯಿಯ ಹಿತ್ತಾಳೆ ಉರುಳಿಯಲ್ಲಿ ಬಿಡುತ್ತಿದ್ದೆವು. ಮಿಕ್ಕ ಹೊತ್ತು ಉತ್ತರದ ಮೂಲೆ, ಹೀಟರಿನ ಬಿಸಿಗಾಳಿಯ ಮುಂದೆ. ನೈವೇದ್ಯದ ಬಾಳೆಹಣ್ಣು, ಮೊಸರನ್ನ ಮೊದಲು ಅದಕ್ಕೇ. ಎರಡು ವರ್ಷದಲ್ಲಿ ಬೆನ್ನಿನ ಒಂದೊಂದು ಬಿಲ್ಲೆಯೂ ಮೊನಚಾಗಿ ಮೇಲೆದ್ದಿತು. ಬಂದವರೆಲ್ಲ ಗೋಪುರ, ಗೋಪುರ ಎಂದು ಕುಂಕುಮ ಹಚ್ಚಿ ಕೈಮುಗಿದರು. ನಾನೂ ಫೋಟೊ ತೆಗೆದು ಊರಿಗೆಲ್ಲ ಕಳಿಸಿದೆ.

ವರಮಹಾಲಕ್ಷ್ಮಿ ಹಬ್ಬದ ದಿನ ಕುಂಕುಮಕ್ಕೆಂದು ಬಂದ ಟೀಚರು ಉರುಳಿಯನ್ನು ನೋಡಿದ್ದೇ ತಡ, ಕೈಹಾಕಿ ಆಮೆಯನ್ನೆತ್ತಿ ಸೆರಗಿನಲ್ಲಿ ಒರೆಸಿದರು. ಅದರ ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು.

"ಇದಕ್ಕೆ ಈಜು ಬರಲ್ಲ ಕಣಮ್ಮ! ಮರುಭೂಮಿ ಅಂಚಿನ ಪ್ರಾಣಿ. ಬಿಲ ತೋಡ್ಕೊಂಡು ಒಳಗೆ ತಂಪಾಗಿರುತ್ತೆ, ಹುಲ್ಲು ತಿನ್ನುತ್ತೆ. ಬೆನ್ನ ಮೇಲಿರೋದು ಗೋಪುರ ಅಲ್ಲ, ಹೀಟರ್ ಮುಂದೆ ಒಣಗಿಸಿ, ಅನ್ನ-ಹಣ್ಣು ಹಾಕಿ ನೀವು ಸಾಕಿದ ರೀತಿ ಅದು."

ನನ್ನ ಗಂಡ ಮೊಬೈಲು ಮುಂದೆ ಹಿಡಿದ. "ಟೀಚರ್, ನಾನು ಚೆಕ್ ಮಾಡಿದೀನಿ. ಆಫ್ರಿಕಾದಲ್ಲಿ ಈ ಥರ ಚಿಪ್ಪು ನ್ಯಾಚುರಲ್ಲಾಗೇ ಇರುತ್ತೆ."

"ಇರುತ್ತಪ್ಪ, ಅಲ್ಲಿನ ಒಂದು ಪುಟ್ಟ ಜಾತಿಗೆ, ಅಂಗೈ ಅಗಲದ್ದಕ್ಕೆ. ಬಂಡೆಸಂದಿಗೆ ನುಗ್ಗೋ ಇನ್ನೊಂದರ ಬೆನ್ನು ದೋಸೆ ಥರ ಚಪ್ಪಟೆ. ಚಿಪ್ಪಿನ ಹಿಂಭಾಗ ಬಾಗಿಲ ಥರ ಮುಚ್ಕೊಳೋದೂ ಇದೆ. ಅದರದರ ನೆಲಕ್ಕೆ ತಕ್ಕ ಬೆನ್ನು. ಇದರದ್ದು ಕಾಡಲ್ಲಿ ನುಣ್ಣಗಿರುತ್ತೆ."

"ಪಾಪ, ಅಜ್ಜಿಗೆ ಕ್ಲಾಸು ತಗೊಳ್ದೆ ಬೇಜಾರಾಗಿದೆ" ಎಂದ ಅವನು. ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕೆ... ಗಂಡನ ಮೇಲೆ, ಮಾರಿದವನ ಮೇಲೆ ನನಗಿರುವ ಸಿಟ್ಟಿಗಿಂತ ಆ ನಗುವಿನ ಮೇಲಿನ ಸಿಟ್ಟು ದೊಡ್ಡದು. ಟೀಚರು ಕುಂಕುಮವನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಮುಂದಿನ ವಾರ ಆಮೆ ತಿನ್ನುವುದನ್ನೇ ಬಿಟ್ಟಿತು. ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಟೀಚರು ಆಮೆಯನ್ನು ತಾವೇ ಎತ್ತಿಕೊಂಡು ನನ್ನ ಕಾರು ಹತ್ತಿದರು. ಪ್ರಾಣಿವೈದ್ಯರು ಹೇಳಿದ್ದೂ ಅವರ ಮಾತನ್ನೇ. ವೀಸಾ ಮುಗಿಯುವವರೆಗೂ ಟೀಚರು ದಿನಾ ನಮ್ಮ ಹಿತ್ತಲಿಗೆ ಬಂದರು. ಮಣ್ಣು ಸಡಿಲ ಮಾಡಿಸಿದರು, ಯಾವ ಕಳೆ ಕೊಡಬಹುದೆಂದು ಕಿತ್ತು ತೋರಿಸಿದರು. ಹೊರಡುವ ದಿನ ಆಮೆಯ ತಲೆ ಸವರಿ, "ಎದ್ದಿದ್ದು ಇಳಿಯಲ್ಲಮ್ಮ. ಇನ್ಮೇಲೆ ಬೆಳೆಯೋದಾದ್ರೂ ನೆಟ್ಟಗೆ ಬೆಳೀಲಿ" ಎಂದರು.

ಮತ್ತೆ ಬರಲಿಲ್ಲ. ಹಾಸನದಲ್ಲೇ ತೀರಿಕೊಂಡರು ಎಂದು ಅವರ ಮಗಳು ಬೇಲಿಯಾಚೆಯಿಂದ ಹೇಳಿದಳು. ತಪ್ಪಾಯಿತು ಟೀಚರ್ ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು.

ಆಮೆ ಈಗ ಎಮ್ಮೆಕರುವಿನಷ್ಟು ತೂಕವಿದೆ. ಮೊನ್ನೆ ಹೊಸದಾಗಿ ಮನೆ ಕೊಂಡ ಹುಡುಗಿಯೊಬ್ಬಳು ಬಂದಿದ್ದಳು. ಬೆನ್ನು ಸವರಿ, "ವಾವ್, ಗೋಪುರ! ನಮ್ಮ ಗೃಹಪ್ರವೇಶಕ್ಕೂ ಇಂಥದ್ದೇ ಬೇಕು ಆಂಟಿ, ಎಲ್ಲಿ ಸಿಗುತ್ತೆ?" ಎಂದಳು. ನನಗೆ ರೇಗಿತು. ಅವಳ ಕೈ ಹಿಡಿದು ಬಿಲ್ಲೆಯ ಅಂಚಿಗೆ ಎಳೆದೆ. ಆಮೇಲೆ ಬೆಳೆದ ಚಿಪ್ಪು ಅಲ್ಲಿ ಸುತ್ತಲೂ ನುಣ್ಣಗಿದೆ.

"ಮೇಲಿರೋದು ನಾವು ಮಾಡಿದ್ದು. ಈ ನುಣುಪು ಟೀಚರ್ದು."

"ಯಾವ ಟೀಚರ್, ಆಂಟಿ?"

"ನಾವೆಲ್ಲ ಸೇರಿ ನಕ್ಕಿದ್ವಲ್ಲ, ಅವರು" ಎಂದೆ.