ಆಷಾಢ ಕಳೆದು ಬಾ ಎಂದ ತಪ್ಪಿಗೆ

ಮರುದಿನ ಭೀಮನ ಅಮಾವಾಸ್ಯೆ. ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತಿದ್ದೆ, ಫೋನ್ ಬಂತು. ಕೈಯೆಲ್ಲ ಹುಳಿ. ಸೆರಗಿನಲ್ಲಿ ಒಂದು ಬೆರಳು ಒರೆಸಿಕೊಂಡು ಸ್ಪೀಕರ್ ಒತ್ತಿದೆ.

"ಆಂಟಿ, ತಪ್ಪು ತಿಳ್ಕೋಬ್ಯಾಡ್ರಿ. ನಾ ಕುರುಬರಹಳ್ಳಿಯೊಳಗ ಬ್ಯಾರೆ ಕ್ಲಿನಿಕ್ ಸೇರ್ಕೊಂಡೀನ್ರಿ. ಅಷ್ಟು ದಿನ ಕೆಲಸಿಲ್ದ ಸುಮ್ನ ಕುಂತ್ರ ಪಿ.ಜಿ.ಯವ್ರು ಇಟ್ಕೋತಾರೇನ್ರಿ?"

ಆ ಶುಕ್ರವಾರ ನಮ್ಮಲ್ಲಿ ಕೆಲಸಕ್ಕೆ ಸೇರಬೇಕಾಗಿದ್ದ ಹುಡುಗಿ ಅವಳು. ನನ್ನ ಮಗಳು ಹಲ್ಲಿನ ಡಾಕ್ಟರು. ಚಂದ್ರಾ ಲೇಔಟ್‌ನಲ್ಲಿ ನಮ್ಮ ಮನೆಯ ಕೆಳಗಡೆಯೇ ಅವಳ ಕ್ಲಿನಿಕ್. ಯುಗಾದಿಯಿಂದ ಅಲ್ಲಿ ಒಬ್ಬ ಅಸಿಸ್ಟೆಂಟೂ ನಿಂತಿಲ್ಲ. ಒಬ್ಬಳು ಊಟ ಮಾಡಿ ಬರ್ತೀನಿ ಎಂದು ಹೋದವಳು ಬರಲೇ ಇಲ್ಲ. ತಂದಿದ್ದ ಡಬ್ಬಿಯನ್ನೂ ಬಿಟ್ಟು ಹೋದಳು, ತೊಳೆದದ್ದು ನಾನು. ಇನ್ನೊಬ್ಬಳು ರಕ್ತ ಕಂಡರೆ ಪೇಷೆಂಟಿಗಿಂತ ಮೊದಲು ತಾನೇ ಕುರ್ಚಿ ಹುಡುಕುತ್ತಿದ್ದಳು. ಎಂಜಲು ಎಳೆಯುವ ಪೈಪು ಹಿಡಿಯುವುದೂ ಮಗಳೇ, ಬಾಗಿಲು ತೆಗೆಯುವುದೂ ಮಗಳೇ. ತಿಂಗಳ ಕೊನೆಯೊಳಗೆ ಯಾರೂ ಸಿಗದಿದ್ದರೆ ಸಂಜೆಯ ಹೊತ್ತು ಕ್ಲಿನಿಕ್ ಮುಚ್ಚುತ್ತೇನೆ ಎಂದಿದ್ದಳು. ಆಫೀಸಿಗೆ ಹೋಗುವವರೆಲ್ಲ ಬರುವುದೇ ಸಂಜೆ.

ಹುಬ್ಬಳ್ಳಿ ಕಡೆಯ ಈ ಹುಡುಗಿ ಬಂದು ಸ್ವಲ್ಪ ಹೊತ್ತು ಕೆಲಸ ಮಾಡಿ ತೋರಿಸಿದ ದಿನ ಮಗಳ ಮುಖ ನೋಡಬೇಕಿತ್ತು. "ಅಮ್ಮಾ, ಮೊಬೈಲ್ ಹೊಡ್ಕೊಂಡ್ರೆ ಎಂಜಲಾದ ಗ್ಲೌಸ್ ಬಿಚ್ಚಿಟ್ಟು ಎತ್ತಿದ್ಳು ಕಣೇ! ನಾನು ಹೇಳೇ ಇಲ್ಲ!" ಎಂದು ಕುಣಿದಳು. ಸೋಮವಾರವೇ ಬಾ ಎಂದು ಅವಳಿಗೆ ಹೇಳಿ, ಕುಂಕುಮ ತಗೊಂಡು ಹೋಗಲಿ ಎಂದು ಮೇಲೆ ನನ್ನ ಹತ್ತಿರ ಕಳಿಸಿದಳು.

ಕುಂಕುಮ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಆಷಾಢದಲ್ಲಿ ಹೊಸ ಕೆಲಸ ಬೇಡಮ್ಮ, ಶ್ರಾವಣದ ಮೊದಲ ಶುಕ್ರವಾರ ಬಾ" ಎಂದುಬಿಟ್ಟೆ. ಈ ಸಲವಾದರೂ ನೆಲೆಯಾಗಿ ನಿಲ್ಲಲಿ ಎಂಬ ಆಸೆಯಿಂದಲೇ ಹೇಳಿದ್ದು. ಹುಡುಗಿಯೇ ಸಮಯ ಕೇಳಿದಳೆಂದು ಮಗಳು ತಿಳಿದಳು. ನಾನೂ ತಿದ್ದಲಿಲ್ಲ.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಕೈ ತೊಳೆದು ಕೆಳಗೆ ಹೋದೆ. ಒಬ್ಬರು ಯಜಮಾನರು ಬಾಯಿ ತೆರೆದು ಮಲಗಿದ್ದರು. ಮಗಳು ಒಂದು ಕೈಯಲ್ಲಿ ಡ್ರಿಲ್, ಒಂದು ಕೈಯಲ್ಲಿ ಪೈಪು ಹಿಡಿದು ಬಗ್ಗಿದ್ದಳು. ಅವರು ಹೋಗುವತನಕ ಬಾಗಿಲ ಬಳಿ ಕಾದು, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಮಗಳು ಮಾಸ್ಕ್ ಇಳಿಸಿದಳು. "ಹಲ್ಲುನೋವು ಪಂಚಾಂಗ ನೋಡ್ಕೊಂಡು ಬರುತ್ತೇನಮ್ಮಾ? ಆಷಾಢ ಅಂತ ನಾನು ಯಾರನ್ನಾದ್ರೂ ವಾಪಸ್ ಕಳಿಸಿದೀನಾ?"

"ಒಳ್ಳೇದಕ್ಕೇ ಹೇಳ್ದೆ ಕಣೇ."

"ಗೊತ್ತು. ಅದಕ್ಕೇ ಬಯ್ಯೋಕೂ ಆಗ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟು ಎಲ್ಲಿ ಇಳಿಸಲಿ? ದೇವರೇನು ಆ ಹುಡುಗಿಯನ್ನು ತಡೆ ಎಂದಿದ್ದನೇ? ಕಳಿಸಿದ್ದು ಅವನು, ತಡೆದದ್ದು ನಾನು. ಬೇರೆಯವರಂತೆ ಫೋನ್ ಆಫ್ ಮಾಡಿಕೊಳ್ಳದೆ ಹೇಳಿಯಾದರೂ ಹೋದಳು, ಅದೊಂದು ಪುಣ್ಯ.

ಕೆಲಸ ಕೇಳಿ ಬಂದವರಲ್ಲಿ ಮೂಡಲಪಾಳ್ಯದ ಹೆಂಗಸೊಬ್ಬಳಿದ್ದಳು. ಕ್ಲಿನಿಕ್ ಕೆಲಸ ಏನೂ ಗೊತ್ತಿಲ್ಲವೆಂದು ಮಗಳು ಬೇಡ ಅಂದಿದ್ದಳು. ಈಗ ಮಗಳೇ ಅವಳ ನಂಬರ್ ಹುಡುಕಿ ನನ್ನ ಕೈಗೆ ಕೊಟ್ಟಳು. "ನೀನೇ ಮಾತಾಡು. ಎಲ್ಲಾ ಮೊದಲಿಂದ ಕಲಿಸ್ತೀನಿ, ಇನ್ನೇನ್ ಮಾಡ್ಲಿ?"

ನಾಳೆಯೇ ಬಾ ಎಂದಾಗ ಆ ಹೆಂಗಸು ಖುಷಿಯಿಂದ ಒಪ್ಪಿ, ಆಮೇಲೆ ಅನುಮಾನಿಸಿದಳು. "ನಾಳೆ ಅಮಾವಾಸ್ಯೆ ಅಲ್ವಾ ಆಂಟಿ? ನಿಮ್ಮನೇಲಿ ಅದೆಲ್ಲಾ ನೋಡಲ್ವಾ?"

ಮಗಳು ನನ್ನನ್ನೇ ನೋಡುತ್ತಿದ್ದಳು.

"ಒಂಬತ್ತೂವರೆಗೆ ಬಂದ್ಬಿಡಮ್ಮ" ಎಂದೆ.

ಅವಳು ಬರುತ್ತಾಳೋ, ಬಂದರೂ ನಿಲ್ಲುತ್ತಾಳೋ, ಯಾರಿಗೆ ಗೊತ್ತು? ಸಂಜೆಯ ಬಾಗಿಲು ಮುಚ್ಚುವ ಮಾತನ್ನಂತೂ ಮಗಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಪೇಷೆಂಟ್ ಬಂದರು. ಹನಿ ಬೀಳತೊಡಗಿತ್ತು, ಒಣಗಿದ ಬಟ್ಟೆ ತೆಗೆಯಲು ನಾನು ತಾರಸಿಗೆ ಓಡಿದೆ.